ಎಕರೆಗೆ ಹಣ ಬದಲಿಯಾದೀತೆ?

ಬನಹಟ್ಟಿಯ ನೇಕಾರ ಕೊಳ್ಳುವ ನೂಲು ಒಂದೇ ನಂಬರಿನದಾದರೆ ಈ ಕಟ್ಟಾದರೂ ಸರಿ, ಆ ಕಟ್ಟಾದರೂ ಸರಿ. ಮುಧೋಳ ಸೀಮೆಯ ಒಂದೇ ದರ್ಜೆಯ ಸಕ್ಕರೆಯ ಎರಡು ಚೀಲಗಳಲ್ಲಿ ಯಾವುದನ್ನು ಕೊಟ್ಟರೂ ಕೊಂಡವರಿಗೆ ನಷ್ಟವಿಲ್ಲ. ಹೀಗೆ ಒಂದರ ಜಾಗದಲ್ಲಿ ಇನ್ನೊಂದು ಪೂರ್ತಿಯಾಗಿ ಸಲ್ಲುವ ವಸ್ತುವನ್ನು ಅರ್ಥಶಾಸ್ತ್ರ ‘ಫಂಜಿಬಲ್’ ಎನ್ನುತ್ತದೆ. ಹಣ ಅದರ ಪರಿಪೂರ್ಣ ಮಾದರಿ. ಆದರೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗುವ ಹೊಲ ಅಂಥ ವಸ್ತುವಲ್ಲ. ಬೀಳಗಿ, ಜಮಖಂಡಿ ಭಾಗದ ಮುಳುಗಡೆ ಸಂತ್ರಸ್ತರ ಪರಿಹಾರದ ಲೆಕ್ಕ ಶುರುವಾಗಬೇಕಾದದ್ದು ಇಲ್ಲಿಂದ.

ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಗಾಗಿ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಅಂದರೆ ಸಾವಿರಾರು ಹೊಲಗಳು ಎರಡೇ ಗುಂಪಿಗೆ ಇಳಿದವು. ನದಿದಂಡೆಯ ಎರೆಮಣ್ಣಿನ ಒಂದು ಹೊಲದ ಬೆಲೆಯಲ್ಲಿ ಮಣ್ಣಿನ ಜೊತೆ ಬಾವಿ, ಪೈಪ್‌ಲೈನು, ಬದು, ಕಾರ್ಖಾನೆಯ ದೂರ, ತಲೆಮಾರುಗಳ ದುಡಿಮೆ ಎಲ್ಲವೂ ಸೇರಿರುತ್ತವೆ. 1989ರಲ್ಲಿ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಹಾಕಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದರ ನೀರು ಕುಡಿದ ಹೊಲಕ್ಕೆ ಸಮನಾದದ್ದು ಬೇರೆ ಕಡೆ ಸಿದ್ಧವಾಗಿ ಸಿಗುವುದಿಲ್ಲ. ನಮ್ಮ ಕಾನೂನೂ ಇದನ್ನು ಬಲ್ಲದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆ, 2018ರ ತಿದ್ದುಪಡಿಯವರೆಗೆ, ಸ್ಥಿರಾಸ್ತಿ ಮಾರಾಟದ ಕರಾರು ಮುರಿದರೆ ಹಣದ ಪರಿಹಾರ ಸಾಲದೆಂದೇ ಭಾವಿಸಿಕೊಂಡು ಹೊರಡುತ್ತಿತ್ತು.

ರೈತರೇ ಹೆಚ್ಚಿನ ದರ ಕೇಳುತ್ತಿರುವಾಗ ಈ ತಕರಾರು ಯಾಕೆ ಎಂದು ಕೇಳಬಹುದು. ಹೆಚ್ಚಿನ ದರ ನ್ಯಾಯವೇ. ಸಾಲ ತೀರಿಸುವುದಕ್ಕೂ ಮಕ್ಕಳ ಓದಿಗೂ ಹಣವೇ ಬೇಕು. ಆದರೆ ಒಬ್ಬ ರೈತ ಹೊಲ ಮಾರಿ ಪಕ್ಕದೂರಲ್ಲಿ ಇನ್ನೊಂದು ಕೊಳ್ಳುವುದು ಬೇರೆ, ದಂಡೆಯ ಊರುಗಳೆಲ್ಲ ಏಕಕಾಲಕ್ಕೆ ಪರಿಹಾರದ ದುಡ್ಡು ಹಿಡಿದು ಉಳಿದ ಅಷ್ಟಿಷ್ಟು ಜಮೀನಿಗೆ ಮುಗಿಬೀಳುವುದು ಬೇರೆ. ಆಗ ಜಮೀನಿನ ಬೆಲೆ ಏರುತ್ತದೆ, ಕೈಯಲ್ಲಿರುವ ಲಕ್ಷಗಳು ಅಷ್ಟೇ ಉಳಿಯುತ್ತವೆ. ಇನ್ನು, ಕಂಡವರ ಹೊಲದಲ್ಲಿ ಕಬ್ಬು ಕಡಿದು ಬದುಕುವವರ ಹೆಸರು ಪಹಣಿಯಲ್ಲೇ ಇಲ್ಲ. ಎಕರೆಯ ದರ ಎಷ್ಟಾದರೂ ಅವರ ಮನೆಗೆ ಬರುವುದಿಲ್ಲ.

ಹಾಗಾದರೆ ಯೋಜನೆಯೇ ಬೇಡವೇ? ಹಾಗಲ್ಲ. ನೀರಿಗಾಗಿ ಕಾದಿರುವ ಒಣಭೂಮಿಯವರ ಹಕ್ಕೂ ಅಷ್ಟೇ ದೊಡ್ಡದು. ಆದರೆ 2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿ ದಾರಿ ತೋರಿಸಿದೆ: ನೀರಾವರಿ ಯೋಜನೆಗೆ ಜಮೀನು ಕಳೆದುಕೊಂಡವರಿಗೆ ಸಾಧ್ಯವಿದ್ದಷ್ಟೂ ಹಣದ ಬದಲು ಅದೇ ಯೋಜನೆಯ ಅಚ್ಚುಕಟ್ಟಿನಲ್ಲಿ ಕನಿಷ್ಠ ಒಂದು ಎಕರೆ ಕೊಡಬೇಕು. ‘ಸಾಧ್ಯವಿದ್ದಷ್ಟೂ’ ಎಂಬ ಮಾತು ನುಣುಚಿಕೊಳ್ಳುವ ಕಿಂಡಿಯಾಗಬಾರದು. ಭೂಮಿ ಬೇಕೆನ್ನುವವರಿಗೆ ನೀರು ಹರಿಯುವ ಭೂಮಿ, ಹಣ ಸಾಕೆನ್ನುವವರಿಗೆ ಒಂದೇ ಕಂತಿನಲ್ಲಿ ಹಣ, ಕೂಲಿಕಾರರಿಗೆ ಪ್ರತ್ಯೇಕ ಜೀವನಾಧಾರ, ಇವು ಮೂರೂ ಗೇಟು ಏರುವ ಮೊದಲೇ ಜನರ ಕೈ ಸೇರಬೇಕು.