ಬದುವಿನ ಮೇಲೆ ಜೋಮುಗಾಲು

ಹಾರೂಗೇರಿಯಲ್ಲಿ ನಿತ್ಯಪುಷ್ಪಕ್ಕೆ ಯಾರೂ ನೀರು ಹಾಕುವುದಿಲ್ಲ. ಬಚ್ಚಲ ನೀರು ಹರಿದುಹೋಗುವಲ್ಲಿ, ಗೋಡೆಯ ಬಿರುಕಿನಲ್ಲಿ, ಸ್ಮಶಾನದ ಅಂಚಿನಲ್ಲಿ ತಾನೇ ಹುಟ್ಟಿ ಐದೆಸಳಿನ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಬೇಸಿಗೆಗೂ ಅಂಜದು. ಆಡು ಮೂಸಿ ನೋಡಿ ಮುಂದೆ ಹೋಗುತ್ತದೆ. ಗಿಡದ ಮೂಲ ಮಡಗಾಸ್ಕರ್. ಇದರ ಎಲೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವಿನ್‌ಕ್ರಿಸ್ಟೀನ್ 1963ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ನನ್ನ ಲಿಂಫೋಮಾಕ್ಕೆ ಕೊಟ್ಟ ಕೀಮೋದಲ್ಲಿ ಅದೂ ಒಂದು. ಗಂಟು ಕರಗಿತು, ಪಾದದ ಜೋಮು ಉಳಿಯಿತು.

ಯಾಕೆ ಪಾದವೇ? ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದು ಹಂಚಲು ಸೂಕ್ಷ್ಮನಾಳಗಳು ಬೇಕು. ಅವು ಕಟ್ಟಿಕೊಳ್ಳದಂತೆ ವಿನ್‌ಕ್ರಿಸ್ಟೀನ್ ತಡೆಯುತ್ತದೆ. ಕ್ಯಾನ್ಸರ್ ಕೋಶ ಹೆಚ್ಚಲಾರದೆ ಸಾಯುತ್ತದೆ. ನರಕೋಶ ಎರಡಾಗುವುದಿಲ್ಲ, ನಿಜ. ಆದರೆ ಬೆನ್ನುಹುರಿಯ ಪಕ್ಕದಿಂದ ಕಾಲಿನ ಹೆಬ್ಬೆರಳಿನವರೆಗೆ, ಹತ್ತಿರಹತ್ತಿರ 1 ಮೀಟರ್ ದೂರ, ಅದರ ಪೋಷಕ ವಸ್ತುಗಳು ಸಾಗುವುದು ಇಂಥವೇ ನಾಳಗಳ ಮೇಲೆ. ಘಟಪ್ರಭಾ ಎಡದಂಡೆ ಕಾಲುವೆಯಲ್ಲಿ ನೀರು ತಗ್ಗಿದರೆ ಮೊದಲು ಒಣಗುವುದು ಕೊನೆಯಂಚಿನ ಹೊಲ. ಮೈಯೊಳಗೆ ಆ ಕೊನೆಯಂಚು ಪಾದ. ಆಮೇಲೆ ಬೆರಳ ತುದಿ. ಸ್ತನ, ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಗಿಡಮೂಲದ್ದೇ, ಅಮೆರಿಕದ ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕಿದ್ದು. ಅದು ನಾಳಗಳು ಬಿಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ದಾರಿ ಬೇರೆ, ಪಾದಕ್ಕೆ ಫಲ ಒಂದೇ. ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಪಡೆದವರಿಗೆ ಮಾಘದ ಬೆಳಗಿನ ತಣ್ಣನೆ ತಂಬಿಗೆ ಮುಟ್ಟಿದರೂ ಬೆರಳು ಚುಚ್ಚುತ್ತದೆ.

ಚಳಿಗಾಲ, ಕಬ್ಬು ಕಡಿಯುವ ಹೊತ್ತು. ಗ್ಯಾಂಗಿನವರು ಮುಂದೆ ಸರಿದಂತೆ ರವದಿಯ ಕೆಳಗಿನಿಂದ ಮಿಡತೆ, ಕಪ್ಪೆ ಏಳುತ್ತವೆ. ಬೆಳ್ಳಕ್ಕಿಗಳು ಹಿಂದೆಯೇ ಬರುತ್ತವೆ. ಒಂದು ಬೆಳ್ಳಕ್ಕಿ ಕತ್ತು ತೂಗುತ್ತಾ ಬಹಳ ಹೊತ್ತು ಒಂದೇ ಜಾಗ ದಿಟ್ಟಿಸಿ ಆಮೇಲೆ ಕುಕ್ಕಿತು. ಅದನ್ನು ನೋಡುತ್ತಾ ನಿಂತಾಗ ಗ್ಯಾಂಗಿನ ಹುಡುಗ ಕೂಗಿದ: “ಕಾಕಾರ, ಕಾಲಾಗ ರಗತ ಬರಾಕತ್ತೈತಿ ನೋಡ್ರಿ.”

“ಹೌದೇನಪಾ?” ಅಂದು ಕೆಳಗೆ ನೋಡಿದೆ. ಕಬ್ಬಿನ ಕೂಳೆಯ ಚೂಪು ಪಾದದ ಪಕ್ಕಕ್ಕೆ ಹೊಕ್ಕಿತ್ತು. ನೋವಿಲ್ಲ. ಆದರೆ ಏನೂ ಚುಚ್ಚದ ರಾತ್ರಿ ಅದೇ ಪಾದ ಉರಿಯುತ್ತದೆ. ಹಾಳಾದ ನರ ನಿಜದ ಮುಳ್ಳಿನ ಸುದ್ದಿ ಮುಟ್ಟಿಸದು, ಇಲ್ಲದ ಬೆಂಕಿಯ ಸುದ್ದಿ ತರುತ್ತದೆ.

ಅಥಣಿ, ನಿಪ್ಪಾಣಿ, ರಾಯಬಾಗದ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು; ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿ. ಗಟ್ಟಿ ತೊಗಲು, ಚೆಂದದ ಹೆಣಿಗೆ. ಆದರೆ ಅದು ಕಾಲಲ್ಲಿ ನಿಲ್ಲುವುದು ಹೆಬ್ಬೆರಳಿನ ಹಿಡಿತದಿಂದ. ಬೆರಳಿಗೆ ಅರಿವಿಲ್ಲದವನ ಚಪ್ಪಲಿ ಹಿಂದೆ ಬದುವಿನಲ್ಲೇ ಉಳಿದು, ಅವನು ನೆಗ್ಗಿಲ ಮುಳ್ಳಿನ ಮೇಲೆ ನಡೆದು ಹೋಗಿರುತ್ತಾನೆ. ಹಿಮ್ಮಡಿ ಮುಚ್ಚುವ ಬೂಟೇ ಈಗ ನನಗೆ ಗತಿ.

ಬೇಸಿಗೆಯಲ್ಲಿ ಎರೆಭೂಮಿ ಬಾಯಿ ಬಿಡುತ್ತದೆ. ಬಿರುಕು ದಾಟಲು ತಲೆ ಬಗ್ಗಿಸಿಯೇ ನಡೆಯಬೇಕು. ಹಾಗೆ ನಡೆವಾಗ ಹೆಂಟೆಗಳ ನಡುವೆ ಟಿಟ್ಟಿಭದ ನಾಲ್ಕು ಮೊಟ್ಟೆ ಕಂಡವು. ಮಣ್ಣುಬಣ್ಣದ ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳೆಲ್ಲ ಒಳಮುಖ. ತಾಯಿಹಕ್ಕಿ ಒಂದೇ ಸಮನೆ ಅರಚುತ್ತಾ ತಲೆಯ ಮೇಲೆ ಸುತ್ತಿತು. ಬಂದ ದಾರಿಯಲ್ಲೇ ಹಿಂದೆ ಸರಿದೆ.

ರವದಿಯಲ್ಲಿ ಮಂಡಲದ ಹಾವಿರುತ್ತದೆ. ಹಾವು ನೆಲದ ಕಂಪನವನ್ನು ಕೆಳದವಡೆಯ ಎಲುಬಿನ ಮೂಲಕ ಒಳಕಿವಿಗೆ ತಲುಪಿಸಿಕೊಳ್ಳುತ್ತದೆ. ಡಾಕ್ಟರು 128 ಹರ್ಟ್ಸಿನ ಶ್ರುತಿಕವಲನ್ನು ನನ್ನ ಹೆಬ್ಬೆರಳಿಗೆ ಹಿಡಿದಾಗ ಲೋಹ ತಾಗಿದ್ದು ತಿಳಿಯಿತು, ನಡುಕ ತಿಳಿಯಲಿಲ್ಲ. ನನ್ನ ಹೆಜ್ಜೆಯ ಸುದ್ದಿ ನನಗಿಂತ ಮೊದಲು ಹಾವಿಗೆ ಗೊತ್ತು. ಹಾಗಾಗಿ ಕೋಲಿನಿಂದ ನೆಲ ಬಡಿಯುತ್ತಾ ನಡೆಯುತ್ತೇನೆ.

ಕಾಲಿನ ಕೆಲಸವನ್ನು ಕಣ್ಣು ವಹಿಸಿಕೊಂಡ ಮೇಲೆ ಕತ್ತಲೆಯೇ ವೈರಿ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಮೈ ತೂಗುತ್ತದೆ. ಒಂದು ಕೈ ಗೋಡೆ ಹಿಡಿದಿರಬೇಕು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ನೀರು ಹಾಯಿಸಲು ನಾನು ಹೋಗುವುದಿಲ್ಲ. ಕೆಸರು ಬದು, ಬ್ಯಾಟರಿಯ ಒಂದು ಸುತ್ತು ಬೆಳಕು, ಅರಿವಿಲ್ಲದ ಪಾದ: ಈ ಮೂರೂ ಕೂಡಬಾರದು.

ಮಿರಗದ ಮಳೆ ಬಿದ್ದ ಮರುದಿನ ಕೆಂಪು ಮಖಮಲ್ಲಿನ ಮಿರಗದ ಹುಳಗಳು ನೆಲದಿಂದ ಎದ್ದವು. ಒಂದನ್ನು ಎಲೆಯಿಂದ ಎತ್ತಿ ಬೆರಳಿಗೆ ಬಿಟ್ಟುಕೊಂಡೆ. ಎಂಟು ಕಾಲು ಹಾಕಿ ತುದಿಯಿಂದ ಅಂಗೈಗೆ ಇಳಿಯುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಬೆರಳಿಗೆ ಅದು ಬಂದದ್ದೇ ಗೊತ್ತಿಲ್ಲ. ಮಣಿಕಟ್ಟು ದಾಟಿದ ಮೇಲೆ ಕಚಗುಳಿ ಶುರುವಾಯಿತು. ನನ್ನ ಜೋಮಿನ ಗಡಿ ಎಲ್ಲಿದೆ ಎಂದು ಹುಳ ತೋರಿಸಿಕೊಟ್ಟಿತು.

31 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಇಂಥ ಕೀಮೋ ಪಡೆದ 100 ಜನರಲ್ಲಿ ಸುಮಾರು 68 ಮಂದಿಗೆ ಮದ್ದು ಮುಗಿದ ಮೊದಲ ತಿಂಗಳು ನರದ ತೊಂದರೆಯಿತ್ತು. ಆರು ತಿಂಗಳು ಕಳೆದ ಮೇಲೂ ಸುಮಾರು 30 ಮಂದಿಗಿತ್ತು. ಮದ್ದು ನಿಂತ ಮೇಲೂ ಕೆಲವರಿಗೆ ಜೋಮು ಏರುವುದುಂಟು. ನರ ಮತ್ತೆ ಬೆಳೆದರೂ ಅನುಕೂಲವಿದ್ದಾಗ ದಿನಕ್ಕೆ 1 ಮಿಲಿಮೀಟರ್ ಆಸುಪಾಸು. ಉರಿನೋವಿಗೆ ಡ್ಯುಲಾಕ್ಸೆಟಿನ್ ಕೆಲವರಿಗೆ ಸ್ವಲ್ಪ ಆರಾಮ ಕೊಡುತ್ತದೆ. ಹೋದ ಸ್ಪರ್ಶವನ್ನು ಮರಳಿ ತರುವ ಗುಳಿಗೆ ಇಲ್ಲ.

ಆದ್ದರಿಂದ ಕೀಮೋ ನಡೆದಿರುವವರಿಗೆ ಒಂದು ಮಾತು. ಗುಂಡಿ ಹಾಕಲು ಬೆರಳು ತಡವರಿಸಿದರೆ, ಚಪ್ಪಲಿ ಜಾರಿದ್ದು ತಿಳಿಯದಿದ್ದರೆ, ಮುಂದಿನ ಡೋಸಿಗೆ ಮೊದಲೇ ಡಾಕ್ಟರಿಗೆ ಹೇಳಿರಿ. ಡೋಸು ತಗ್ಗಿಸಬೇಕೋ ತಡೆಯಬೇಕೋ ಅವರು ನಿರ್ಧರಿಸಬಹುದು. ಸ್ನಾನದ ನೀರಿನ ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡಿರಿ. ಸಂಜೆ ಬೆಳಕಿರುವಾಗಲೇ ಅಂಗಾಲು ತಿರುಗಿಸಿ ನೋಡಿರಿ, ಬಗ್ಗಲಾಗದಿದ್ದರೆ ಮನೆಯವರಿಗೆ ತೋರಿಸಿರಿ. ಹಿತ್ತಲ ನಿತ್ಯಪುಷ್ಪದ ಎಲೆಯನ್ನು ಸಕ್ಕರೆ ಕಾಯಿಲೆಗೆಂದಾಗಲಿ ಕ್ಯಾನ್ಸರಿಗೆಂದಾಗಲಿ ಅಗಿಯಬೇಡಿರಿ. ಅದರೊಳಗಿನ ಮದ್ದು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವಂಥದ್ದು. ಹಾಗೆ ಅಳೆದು ಕೊಟ್ಟಾಗಲೂ ಪಾದವನ್ನು ಮುಟ್ಟದೆ ಬಿಡುವುದು ಕಡಿಮೆ.