ರ‍್ಯಾಪ್‌ನಲ್ಲಿ ಯೇಸು ಬಂದರೆ ಯಾರಿಗೆ ತಕರಾರು?

ಇದು ಈ ವಾರದ ಎಪಿಸೋಡ್‌ನ ಬರಹ ರೂಪ. ಇಯರ್‌ಫೋನ್ ಮನೇಲಿ ಮರೆತು ಬಸ್ ಹತ್ತಿದವರಿಗೆ, ಆಫೀಸಲ್ಲಿ ಕದ್ದು ಓದೋರಿಗೆ. ಹಾಡುಗಳನ್ನ ಇಲ್ಲಿ ಹಾಕೋಕಾಗಲ್ಲ. ಹೆಸರು ಹೇಳ್ತಾ ಹೋಗ್ತೀನಿ, ಹುಡುಕಿ ಕೇಳಿ.

ಬಿಕಾಂ ಎರಡನೇ ವರ್ಷದಲ್ಲಿ ಹಾಸ್ಟೆಲ್‌ನಲ್ಲಿ ನನಗೊಬ್ಬ ರೂಮ್‌ಮೇಟ್ ಇದ್ದ. ಗದಗ ಕಡೆಯವನು. ಭಾನುವಾರ ನಾವೆಲ್ಲ ಹತ್ತು ಗಂಟೆಯವರೆಗೆ ಹೊದ್ದು ಮಲಗಿದ್ದರೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಚರ್ಚ್‌ಗೆ ಹೊರಡೋನು. ರಾತ್ರಿ ಅದೇ ಹುಡುಗ ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ರ‍್ಯಾಪ್ ಬರೀತಾ ಕೂತಿರ್ತಿದ್ದ. ಒಂದು ರಾತ್ರಿ ಇಯರ್‌ಫೋನ್‌ನ ಒಂದು ಕಿವಿ ನನಗೆ ಕೊಟ್ಟು ಒಂದು ಆಲ್ಬಮ್ ಕೇಳಿಸಿದ. ಮಾರ್ಸ್ ಇಲ್ ಅನ್ನೋ ಅಟ್ಲಾಂಟಾದ ಜೋಡಿ, 2000ರಲ್ಲಿ ಬಂದ ‘ರಾ ಮೆಟೀರಿಯಲ್’. ಒಬ್ಬ ರ‍್ಯಾಪರ್, ಒಬ್ಬ ಡಿಜೆ, ಅಷ್ಟೇ. ಅಬ್ಬರ ಇಲ್ಲ. ಒಂದು ವಾರ ಬೇರೇನೂ ಕೇಳಲಿಲ್ಲ ನಾನು. ಪಕ್ಕಾ ಅಂಡರ್‌ಗ್ರೌಂಡ್ ಅಂತ ನಾಲ್ಕು ಜನಕ್ಕೆ ಫಾರ್ವರ್ಡ್ ಕೂಡ ಮಾಡಿದೆ.

ವಾರ ಆದ ಮೇಲೆ ಅವನು ಹೇಳಿದ, “ಇವರು ಕ್ರಿಶ್ಚಿಯನ್ರು ಅದಾರಲೇ. ಯೇಸುನ್ನ ನಂಬೋರು.”

ನನಗೆ ಮೋಸ ಹೋದಂಗಾಯ್ತು. “ಲೋ, ಒಂದು ವಾರ ನಂಗೆ ಭಜನೆ ಕೇಳಿಸಿದ್ಯಾ?” ಅಂದೆ. ಅವನು ಬೇಜಾರು ಮಾಡ್ಕೊಳ್ಳಲಿಲ್ಲ. “ವಾರಪೂರ್ತಿ ಚಲೋ ಇತ್ತಲ್ಲೋ? ಈಗ ಏನಾತು?” ಅಂತ ಕೇಳಿದ.

ಹಾಡು ಬದಲಾಗಿರಲಿಲ್ಲ, ಬೀಟ್ ಬದಲಾಗಿರಲಿಲ್ಲ. ಆದರೂ ನನಗೆ ಅದು ಒಮ್ಮೆಲೆ ‘ಫೇಕ್’ ಅನ್ನಿಸಿತು. ಯಾಕೆ? ಎಂಟು ವರ್ಷದಿಂದ ತಲೇಲಿ ಕೂತಿರೋ ಈ ಪ್ರಶ್ನೆಯೇ ಇವತ್ತಿನ ವಿಷಯ.

ಮೊದಲು ‘ರಿಯಲ್’ ಅನ್ನೋ ಪದ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಮಾಡಿದ ಪಾರ್ಟಿಯನ್ನ ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತಾರೆ, ಅದು ನಿಮಗೆ ಗೊತ್ತಿರುತ್ತೆ. ಅವತ್ತಿಂದ ಇವತ್ತಿನವರೆಗೂ ಈ ಲೋಕದಲ್ಲಿ ದೊಡ್ಡ ಬೈಗುಳ ಅಂದ್ರೆ ‘ನೀನು ರಿಯಲ್ ಅಲ್ಲ’ ಅನ್ನೋದು. ಬೇರೆಯವರ ಸಾಲು, ಬೇರೆಯವರ ಧಾಟಿ ಕದ್ದರೆ ಅದಕ್ಕೆ ‘ಬೈಟಿಂಗ್’ ಅಂತಾರೆ, ಕ್ಷಮೆ ಇಲ್ಲ. ಬದುಕದೇ ಇರೋ ಬದುಕನ್ನ ಹಾಡಿದರೆ ಅದೂ ತಪ್ಪು. ನಮ್ಮಲ್ಲಿ ನಡೆ ನುಡಿ ಒಂದಾಗಿರಬೇಕು ಅಂತಾರಲ್ಲ, ಹೆಚ್ಚುಕಡಿಮೆ ಅದೇ.

ಹಾಗಾದ್ರೆ ದೇವರನ್ನ ನಂಬೋನು ನಂಬಿಕೆ ಬಗ್ಗೆ ಹಾಡಿದರೆ ಅದು ರಿಯಲ್ ತಾನೇ? ಹಿಪ್‌ಹಾಪ್‌ಗೆ ದೇವರ ಜೊತೆ ಯಾವತ್ತೂ ಜಗಳ ಇರಲಿಲ್ಲ. 1964ರಲ್ಲಿ ಹಾರ್ಲೆಮ್‌ನಲ್ಲಿ ಶುರುವಾದ ‘ಫೈವ್ ಪರ್ಸೆಂಟರ್ಸ್’ ಪಂಥದ ಪ್ರಭಾವ ರಕೀಮ್‌ನಿಂದ ವು-ಟ್ಯಾಂಗ್ ಕ್ಲಾನ್‌ವರೆಗೆ ಎಲ್ಲ ಕಡೆ ಕಾಣುತ್ತೆ. ಹುಡುಗರು ವೃತ್ತವಾಗಿ ನಿಂತು ಸರದಿ ಮೇಲೆ ರ‍್ಯಾಪ್ ಮಾಡೋದಕ್ಕೆ ‘ಸೈಫರ್’ ಅಂತೀವಲ್ಲ, ಆ ಪದ ಕೂಡ ಅವರ ಮಾತಿನಿಂದ ಬಂದದ್ದು ಅಂತ ಈ ಇತಿಹಾಸ ಬರೆದವರು ಹೇಳ್ತಾರೆ. ಡಿಎಂಎಕ್ಸ್‌ನ ತಗೊಳ್ಳಿ. 1998ರ ಅವನ ಮೊದಲ ಆಲ್ಬಮ್‌ನಲ್ಲಿ ಕೊಲೆ, ದರೋಡೆ, ನಾಯಿ ಬೊಗಳೋದು ಎಲ್ಲ ಇದೆ, ನಡುವೆ ಬೀಟೇ ಇಲ್ಲದ ಒಂದು ಪ್ರಾರ್ಥನೆಯೂ ಇದೆ. ಆಮೇಲಿನ ಆಲ್ಬಮ್‌ಗಳಲ್ಲೂ ಪ್ರಾರ್ಥನೆ ಬಿಡಲಿಲ್ಲ. 2021ರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡಾಗ ಜನ ನೆನಪು ಮಾಡ್ಕೊಂಡಿದ್ದು ಆ ಪ್ರಾರ್ಥನೆಗಳನ್ನೂ. ಅವನನ್ನ ಯಾರೂ ಫೇಕ್ ಅನ್ನಲಿಲ್ಲ.

ಅಂದ್ರೆ ತಕರಾರು ಭಕ್ತಿಗಲ್ಲ. ಮತ್ತೆ ಯಾವುದಕ್ಕೆ?

ಇಲ್ಲಿ ನನ್ನ ಕಾಮರ್ಸ್ ಸ್ವಲ್ಪ ಉಪಯೋಗಕ್ಕೆ ಬರುತ್ತೆ (ಅಪ್ಪ ಕೇಳ್ತಿದ್ರೆ ಖುಷಿಪಡ್ತಾರೆ). ಪಿಯುಸಿ ಎಕನಾಮಿಕ್ಸ್‌ನಲ್ಲಿ ‘ಬದಲಿ ಸರಕು’ ಅಂತ ಓದಿದ್ದು ನೆನಪಿದೆಯಾ? ಕಾಫಿ ತುಟ್ಟಿಯಾದ್ರೆ ಜನ ಟೀ ಕುಡೀತಾರೆ, ಅದೇ. ಅಮೆರಿಕದಲ್ಲಿ ಕ್ರಿಶ್ಚಿಯನ್ ಸಂಗೀತ ಬಹುಕಾಲ ಮಾರಾಟ ಆಗ್ತಿದ್ದಿದ್ದು ಮಾಮೂಲಿ ಮ್ಯೂಸಿಕ್ ಅಂಗಡಿಗಳಿಗಿಂತ ಹೆಚ್ಚಾಗಿ ಕ್ರಿಶ್ಚಿಯನ್ ಪುಸ್ತಕದಂಗಡಿಗಳಲ್ಲಿ. ಬೈಬಲ್, ಗೋಡೆಗೆ ಹಾಕೋ ವಚನದ ಫಲಕ, ಅದರ ಪಕ್ಕ ಸಿಡಿ. ಅಲ್ಲಿ ಒಂದು ಪಟ್ಟಿ ನೇತುಹಾಕ್ತಿದ್ರು. ನಿಮ್ಮ ಮಗ ಹೊರಗಿನ ಇಂಥ ಬ್ಯಾಂಡ್ ಕೇಳ್ತಾನಾ? ಹಾಗಾದ್ರೆ ನಮ್ಮ ಈ ಬ್ಯಾಂಡ್ ಕೊಡಿಸಿ ಅಂತ. ಅಮ್ಮ ದುಡ್ಡು ಕೊಡ್ತಾಳೆ, ಮಗ ಕೇಳಬೇಕು. ಕೊಳ್ಳೋರು ಬೇರೆ, ಕೇಳೋರು ಬೇರೆ.

ಈಗ ಯೋಚನೆ ಮಾಡಿ. ಬೈಟಿಂಗ್ ಅನ್ನೋದೇ ಮಹಾಪಾಪವಾಗಿರೋ ಸಂಸ್ಕೃತಿಯಲ್ಲಿ, ಇನ್ನೊಬ್ಬರ ಹಾಗೇ ಕೇಳಿಸುತ್ತೆ ಅನ್ನೋದೇ ನಿಮ್ಮ ಜಾಹೀರಾತು! ಬೈಗುಳ ತೆಗೆದು ವಚನ ತುಂಬಿದ ಹಾಡು, ಮೇಲಿನ ಕವರ್ ಮಾತ್ರ ಹಳೇದು. ಹಾಸ್ಟೆಲ್‌ನಲ್ಲಿ ನನಗೆ ಮೋಸ ಅನ್ನಿಸಿದ್ದು ಇದೇ ಕಾರಣಕ್ಕೆ ಇರಬೇಕು. ಮಾರ್ಸ್ ಇಲ್ ಹಾಗಿರಲಿಲ್ಲ. ಆದರೆ ‘ಕ್ರಿಶ್ಚಿಯನ್ ರ‍್ಯಾಪ್’ ಅನ್ನೋ ಲೇಬಲ್ ಕೇಳಿದ ತಕ್ಷಣ ನಾನು ಅದನ್ನ ಬದಲಿ ಸರಕಿನ ಕಪಾಟಿಗೆ ಹಾಕಿಬಿಟ್ಟೆ.

ಕೆಟ್ಟ ಮಾತಿಲ್ಲದ ರ‍್ಯಾಪ್ ಅಂದ್ರೆ ಸಪ್ಪೆ ಅಂತ ನೀವೂ ಅಂದ್ಕೊಂಡಿದ್ರೆ, ‘ಗುಡ್ ಲೈಫ್’ ಕಥೆ ಹೇಳಲೇಬೇಕು. ಲಾಸ್ ಏಂಜಲೀಸ್‌ನ ದಕ್ಷಿಣ ಭಾಗದಲ್ಲಿ ಅದೊಂದು ಆರೋಗ್ಯದ ತಿಂಡಿ ಮಾರೋ ಚಿಕ್ಕ ಕೆಫೆ. 1989ರ ಕೊನೆಯಲ್ಲಿ ಅಲ್ಲಿ ಪ್ರತಿ ಗುರುವಾರ ರಾತ್ರಿ ಓಪನ್ ಮೈಕ್ ಶುರುವಾಯ್ತು. ಅದೇ ಊರಿನಲ್ಲಿ ಅದೇ ಹೊತ್ತಿಗೆ ಎನ್‌ಡಬ್ಲ್ಯುಎಯ ಗ್ಯಾಂಗ್‌ಸ್ಟಾ ರ‍್ಯಾಪ್ ದೇಶವನ್ನೇ ಅಲ್ಲಾಡಿಸ್ತಿತ್ತು. ಗುಡ್ ಲೈಫ್‌ನಲ್ಲಿ ಮಾತ್ರ ಒಂದು ಕಟ್ಟುನಿಟ್ಟಿನ ನಿಯಮ, ವೇದಿಕೆ ಮೇಲೆ ಬೈಗುಳ ಬಳಸುವಂತಿಲ್ಲ. ಹಾಡು ನೀರಸ ಅನ್ನಿಸಿದ್ರೆ ಸಭೆಯೇ ಒಟ್ಟಾಗಿ ‘ದಯವಿಟ್ಟು ಮೈಕ್ ಮುಂದಕ್ಕೆ ಕೊಡಿ’ ಅಂತ ಕೂಗೋದು. ಎಷ್ಟು ದೊಡ್ಡ ಹೆಸರಿದ್ರೂ ಇಳಿಯಬೇಕು. ಇದೇನು ಚರ್ಚ್ ಕಾರ್ಯಕ್ರಮ ಅಲ್ಲ. ಆದರೆ ಬೈಗುಳದ ಊರುಗೋಲು ಕಿತ್ತುಕೊಂಡಾಗ ಹುಡುಗರು ಪದಗಳ ಜೊತೆ ಎಷ್ಟು ದೂರ ಹೋಗಬಲ್ಲರು ಅನ್ನೋದು ಅಲ್ಲಿ ಗೊತ್ತಾಯ್ತು. ಫ್ರೀಸ್ಟೈಲ್ ಫೆಲೋಶಿಪ್ ತಂಡ ಬೆಳೆದದ್ದು ಅಲ್ಲೇ, ಜುರಾಸಿಕ್ 5 ತಂಡದವರ ಬೇರೂ ಅಲ್ಲೇ. ಆ ವೇದಿಕೆ ಮೇಲೆ ರ‍್ಯಾಪ್ ಮಾಡ್ತಿದ್ದ ಒಬ್ಬ ಹುಡುಗಿ ಮುಂದೆ ಸಿನಿಮಾ ನಿರ್ದೇಶಕಿ ಆದರು, ‘ಸೆಲ್ಮಾ’ ಮಾಡಿದ ಏವಾ ಡುವರ್ನೆ. ಗುಡ್ ಲೈಫ್ ಬಗ್ಗೆ 2008ರಲ್ಲಿ ಅವರೇ ‘ದಿಸ್ ಈಸ್ ದ ಲೈಫ್’ ಅನ್ನೋ ಡಾಕ್ಯುಮೆಂಟರಿ ಮಾಡಿದ್ದಾರೆ. ಸಿಕ್ಕರೆ ಬಿಡಬೇಡಿ.

1990ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತಲೇ ‘ಟನಲ್ ರ‍್ಯಾಟ್ಸ್’ ಅನ್ನೋ ಕ್ರಿಶ್ಚಿಯನ್ ಹುಡುಗರ ಬಳಗ ಕಟ್ಟಿಕೊಂಡಿತು. ಫಿಲಡೆಲ್ಫಿಯಾದಲ್ಲಿ ಕ್ರಾಸ್ ಮೂವ್‌ಮೆಂಟ್. ಇಬ್ಬರ ದಾರಿ ಬೇರೆ. ಕ್ರಾಸ್ ಮೂವ್‌ಮೆಂಟ್‌ನವರು ನೇರವಾಗಿ ದೇವರ ವಾಕ್ಯವನ್ನೇ ರ‍್ಯಾಪ್‌ನಲ್ಲಿ ಬಿಡಿಸಿ ಹೇಳೋರು, ಅದಕ್ಕಾಗಿ ಸ್ವಂತ ಲೇಬಲ್ಲನ್ನೇ ಕಟ್ಟಿದರು. ಟನಲ್ ರ‍್ಯಾಟ್ಸ್‌ಗೆ ಮೊದಲು ರ‍್ಯಾಪ್ ಗಟ್ಟಿಯಾಗಿರಬೇಕು. ನನಗೆ ಟನಲ್ ರ‍್ಯಾಟ್ಸ್ ಇಷ್ಟ. ಪಕ್ಷಪಾತ ಅನ್ನಿ, ಪರವಾಗಿಲ್ಲ.

ಇವರಿಗೆಲ್ಲ ಇದ್ದ ಪೇಚಾಟ ಏನು ಅಂದ್ರೆ, ಲೆಕ್ಕ ತಪಾಸಣೆ ಎರಡು ಕಡೆಯಿಂದ. ಸೈಫರ್‌ನಲ್ಲಿ ‘ನೀನು ಭಾನುವಾರದ ಶಾಲೆ ಮೇಷ್ಟ್ರು’ ಅಂತಾರೆ. ಚರ್ಚ್‌ನಲ್ಲಿ ‘ಇದು ಲೋಕದವರ ಸಂಗೀತ, ಸೈತಾನನದ್ದು’ ಅಂತಾರೆ. ಹಳೇ ಕಾಲದ ಮಾತು ಅಂದ್ಕೋಬೇಡಿ. 2013ರಲ್ಲಿ ಅಮೆರಿಕದ ಒಂದು ಕ್ರಿಶ್ಚಿಯನ್ ಸಮ್ಮೇಳನದ ವಿಡಿಯೋ ಹರಿದಾಡಿತು. ವೇದಿಕೆ ಮೇಲೆ ಸಾಲಾಗಿ ಕೂತ ಹಿರಿಯರು ಒಬ್ಬೊಬ್ಬರಾಗಿ ರ‍್ಯಾಪ್ ದೇವರಿಗೆ ಯೋಗ್ಯವಲ್ಲ ಅಂದ್ರು. ಒಬ್ಬರಂತೂ ಈ ರ‍್ಯಾಪರ್‌ಗಳನ್ನ ಹೇಡಿಗಳು ಅಂತ ಕರೆದು, ಗಲಾಟೆ ಆದ ಮೇಲೆ ಕ್ಷಮೆ ಕೇಳಿದ್ರು.

ಈಗ ಲೆಕ್ರೇ ಹತ್ರ ಬರೋಣ. ಇವನು ಅಂಡರ್‌ಗ್ರೌಂಡ್‌ನಿಂದ ಹೊರಗೆ ಬಂದವನು, ಆದರೆ ಈ ಲೆಕ್ಕ ಅತಿ ಸ್ಪಷ್ಟವಾಗಿ ಕಾಣೋದು ಇವನಲ್ಲೇ. 2004ರಲ್ಲಿ ಗೆಳೆಯನ ಜೊತೆ ಸೇರಿ ರೀಚ್ ರೆಕಾರ್ಡ್ಸ್ ಶುರುಮಾಡಿದ. ಅವನ ಬಳಗದ ಹೆಸರು 116, ಬೈಬಲ್‌ನ ರೋಮಾಪುರದವರಿಗೆ ಬರೆದ ಪತ್ರದ ಒಂದನೇ ಅಧ್ಯಾಯ, ಹದಿನಾರನೇ ವಚನ. 2012ರಲ್ಲಿ ‘ಚರ್ಚ್ ಕ್ಲೋತ್ಸ್’ ಅನ್ನೋ ಮಿಕ್ಸ್‌ಟೇಪನ್ನ ಡಾನ್ ಕ್ಯಾನನ್ ಅನ್ನೋ ಹೆಸರಾಂತ ಡಿಜೆ ಜೊತೆ ಪುಕ್ಕಟೆ ಬಿಟ್ಟ. ಚರ್ಚ್‌ನೊಳಗಿನ ಬೂಟಾಟಿಕೆಯನ್ನೇ ಅಲ್ಲಿ ಕೆಣಕಿದ್ದ. 2014ರ ‘ಅನಾಮಲಿ’ ಮೊದಲ ವಾರ ಸುಮಾರು 88 ಸಾವಿರ ಪ್ರತಿ ಮಾರಾಟ ಆಗಿ ಬಿಲ್‌ಬೋರ್ಡ್ 200ರಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಅದೇ ವಾರ ಗಾಸ್ಪೆಲ್ ಪಟ್ಟಿಯಲ್ಲೂ ಮೊದಲು. ಎರಡರಲ್ಲೂ ಒಂದೇ ಆಲ್ಬಮ್ ಮೇಲೆ ಕೂತದ್ದು ಅದೇ ಮೊದಲು.

ಅಂಕಿಗಿಂತ ಆ ಆಲ್ಬಮ್‌ನ ಒಂದು ಹಾಡು ಮುಖ್ಯ. ‘ಗುಡ್, ಬ್ಯಾಡ್, ಅಗ್ಲಿ’ಯಲ್ಲಿ ಅವನು ಹಿಂದೊಮ್ಮೆ ಗೆಳತಿಯನ್ನ ಗರ್ಭಪಾತಕ್ಕೆ ಕ್ಲಿನಿಕ್‌ಗೆ ಬಿಟ್ಟುಬಂದದ್ದನ್ನ ಹೇಳಿಕೊಳ್ತಾನೆ. ತನ್ನನ್ನ ಕೊಳ್ಳೋ ಜನರ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ ಅಂತ ಗೊತ್ತಿದ್ದೂ ಹೇಳ್ತಾನೆ. ಹಿಪ್‌ಹಾಪ್‌ನ ಅಳತೆಯಲ್ಲಿ ಇದು ರಿಯಲ್, ಚರ್ಚ್‌ನ ಭಾಷೆಯಲ್ಲಿ ಇದು ಪಾಪನಿವೇದನೆ. ಎರಡೂ ತಪಾಸಣೆಯವರು ಕೇಳ್ತಿದ್ದ ಪುಸ್ತಕ ಒಂದೇ ಅನ್ನೋದು ನನಗೆ ಹೊಳೆದದ್ದು ಈ ಹಾಡು ಕೇಳಿದಾಗ.

ಅಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಫರ್ಗ್ಯುಸನ್‌ನಲ್ಲಿ ಪೊಲೀಸ್ ಗುಂಡಿಗೆ ಕಪ್ಪು ಹುಡುಗ ಸತ್ತಾಗ ಲೆಕ್ರೇ ಅದರ ಬಗ್ಗೆ ಬರೆದ. 2016ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಹತ್ತಿ ಹೊಲದಲ್ಲಿ ನಿಂತ ಗುಲಾಮರ ಫೋಟೋ ಹಾಕಿ 1776ರಲ್ಲಿ ನನ್ನ ಕುಟುಂಬ ಹೀಗಿತ್ತು ಅನ್ನೋ ಅರ್ಥದ ಟ್ವೀಟ್ ಮಾಡಿದ. ಪಾಪ ಒಪ್ಪಿಕೊಂಡಾಗ ಚಪ್ಪಾಳೆ ತಟ್ಟಿದ್ದ ಬಿಳಿಯ ಅಭಿಮಾನಿಗಳಲ್ಲಿ ಬಹಳ ಜನ ಮುನಿಸಿಕೊಂಡು ಹೊರಟರು. ಯೇಸು ಬಗ್ಗೆ ಹಾಡು, ಇದನ್ನೆಲ್ಲ ಬಿಡು ಅಂತ. ಮರುವರ್ಷ ಅವನು ‘ಟ್ರೂತ್ಸ್ ಟೇಬಲ್’ ಅನ್ನೋ ಪಾಡ್‌ಕಾಸ್ಟ್‌ನಲ್ಲಿ, ಮೂವರು ಕಪ್ಪು ಮಹಿಳೆಯರ ಮುಂದೆ ಕೂತು, ಬಿಳಿಯ ಇವ್ಯಾಂಜೆಲಿಕಲ್ ಲೋಕದಿಂದ ತಾನು ಬಿಡಿಸಿಕೊಂಡೆ ಅಂತ ಹೇಳಿಬಿಟ್ಟ. ಯೇಸುವನ್ನ ಬಿಡಲಿಲ್ಲ, ಗಿರಾಕಿಗಳನ್ನ ಬಿಟ್ಟ. (ಪಾಡ್‌ಕಾಸ್ಟ್ ಮಾಡೋನಾಗಿ ಹೊಟ್ಟೆಕಿಚ್ಚು ಅಂದ್ರೆ ಇದು.)

ಶೋ ಬರಾಕಾ ಕೂಡ ಮೊದಲು ರೀಚ್‌ನಲ್ಲೇ ಇದ್ದವನು. ಅವನ ‘ದ ನೆರೇಟಿವ್’ ಆಲ್ಬಮ್ಮನ್ನ 2017ರಲ್ಲಿ ಲೈಫ್‌ವೇ ಅನ್ನೋ ಕ್ರಿಶ್ಚಿಯನ್ ಅಂಗಡಿಗಳ ಜಾಲ ಕಪಾಟಿನಿಂದ ತೆಗೆಯಿತು. ಕಾರಣ ಒಂದು ಪದ. ಬೈಗುಳ ಅಲ್ಲ, ಹೈಸ್ಕೂಲ್ ಜೀವಶಾಸ್ತ್ರ ಪುಸ್ತಕದಲ್ಲಿರೋ ಗಂಡಸಿನ ಅಂಗದ ಹೆಸರು. ಅದೂ ಹರೆಯದಲ್ಲಿ ತನ್ನ ಬುದ್ಧಿ ಎಲ್ಲಿತ್ತು ಅಂತ ತಪ್ಪೊಪ್ಪಿಕೊಳ್ಳೋ ಜಾಗದಲ್ಲಿ.

ನಗಬೇಡಿ. ಒಂದು ಸಲ ಸ್ಪಾನ್ಸರ್ ಒಬ್ಬರು ಕೇಳಿದ್ರು ಅಂತ ನಾನೂ ಎಪಿಸೋಡ್‌ನಿಂದ ಎರಡು ನಿಮಿಷ ಕತ್ತರಿಸಿದ್ದೀನಿ. ಆ ತಿಂಗಳ ರೂಮ್ ಬಾಡಿಗೆ ಅದರಿಂದಲೇ ಕಟ್ಟಿದ್ದು.

ಗಿರಾಕಿಯ ಹಿಡಿತ ತಪ್ಪಿಸ್ಕೊಳ್ಳೋಕೆ ಕೆಲವರು ದುಡ್ಡನ್ನೇ ಬಿಟ್ಟರು. ಪೋರ್ಟ್‌ಲೆಂಡ್‌ನ ಹಂಬಲ್ ಬೀಸ್ಟ್ ಲೇಬಲ್ ಆಲ್ಬಮ್‌ಗಳನ್ನ ಪುಕ್ಕಟೆ ಡೌನ್‌ಲೋಡ್‌ಗೆ ಕೊಡ್ತಿತ್ತು. ಟನಲ್ ರ‍್ಯಾಟ್ಸ್‌ನಲ್ಲಿದ್ದ ಪ್ರೊಪಗಾಂಡಾ 2012ರಲ್ಲಿ ಅಲ್ಲಿಂದಲೇ ‘ಎಕ್ಸಲೆಂಟ್’ ತಂದ. ಅದರಲ್ಲಿ ‘ಪ್ರೆಷಸ್ ಪ್ಯೂರಿಟನ್ಸ್’ ಅಂತ ಒಂದು ಹಾಡು. ಪಾದ್ರಿಗಳು ಭಕ್ತಿಯಿಂದ ಉದಾಹರಿಸೋ ಹಳೆಯ ಪ್ಯೂರಿಟನ್ ಗುರುಗಳಿಗೂ ಗುಲಾಮಗಿರಿಗೂ ಇದ್ದ ನಂಟನ್ನ ಎತ್ತಿ ಕೇಳುತ್ತೆ. ಕಪಾಟಿನ ಅಂಗಡಿಯನ್ನ ನಂಬಿಕೊಂಡಿದ್ರೆ ಅಂಥ ಹಾಡು ಬರೋದು ಕಷ್ಟವಿತ್ತು ಅನ್ಸುತ್ತೆ.

ನಮ್ಮ ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ ಬಿಟ್ಟಾಗ ನಾನು, ನನ್ನ ಗೆಳೆಯರು ಕುಣಿದಾಡಿದ್ವಿ. ಅದರಲ್ಲೂ ಇರೋದು ರಾಮನ ಪ್ರಾರ್ಥನೆಯೇ. ‘ಭಜನೆ ಕೇಳಿಸಿದ್ಯಾ’ ಅಂತ ಆವತ್ತು ನಾನು ಯಾರನ್ನೂ ಕೇಳಲಿಲ್ಲ. ನನ್ನ ಮನೆಯ ದೇವರು ರ‍್ಯಾಪ್‌ನಲ್ಲಿ ಬಂದ್ರೆ ರಿಯಲ್, ರೂಮ್‌ಮೇಟ್ ದೇವರು ಬಂದ್ರೆ ಪ್ರಚಾರ. ಈ ಲೆಕ್ಕ ನಾನು ಕೂತು ನೋಡಿಕೊಳ್ಳೋಕೆ ಬಹಳ ವರ್ಷ ಹಿಡೀತು.

ರೂಮ್‌ಮೇಟ್ ಕಥೆ ಬಾಕಿ ಇದೆ. ಡಿಗ್ರಿ ಮುಗಿದ ವರ್ಷ ಅವನು ಬೆಂಗಳೂರಿನ ಒಂದು ಪಾರ್ಕ್‌ನ ಸೈಫರ್‌ಗೆ ಬಂದಿದ್ದ. ಅಪ್ಪನ ಸಾಲದ ಬಗ್ಗೆ, ಅಮ್ಮ ಅಡುಗೆಮನೇಲಿ ಮಂಡಿಯೂರೋದರ ಬಗ್ಗೆ ಹೇಳಿದ. ಮುಗಿದ ಮೇಲೆ ಯಾರೋ “ಚರ್ಚ್ ಹಾಡಾ ಗುರು?” ಅಂದ್ರು, ಎಲ್ಲ ನಕ್ಕರು. ನಾನೂ ಅಲ್ಲೇ ನಿಂತಿದ್ದೆ, ಏನೂ ಅನ್ನಲಿಲ್ಲ. ಊರಿಗೆ ಹೋಗಿ ತನ್ನ ಚರ್ಚ್‌ನ ಯುವಕರ ಕೂಟದಲ್ಲಿ ಅದನ್ನೇ ಹೇಳ್ತೀನಿ ಅಂದಾಗ ಅಲ್ಲಿನ ಹಿರಿಯರು ಆ ತಾಳ ಇಲ್ಲಿ ಬೇಡ ಅಂದ್ರಂತೆ. ಮೊಬೈಲ್‌ನಲ್ಲಿದ್ದ ಟ್ರ್ಯಾಕ್‌ಗಳನ್ನೆಲ್ಲ ಅಳಿಸಿಬಿಟ್ಟ.

ಈ ಎಪಿಸೋಡ್ ಬರೆಯೋ ಮುಂಚೆ ಫೋನ್ ಮಾಡಿದೆ. ಈಗ ಹುಬ್ಬಳ್ಳಿಯಲ್ಲಿ ಸಾಲ ವಸೂಲಿ ಕೆಲಸ. “ಹೆಸರು ಹೇಳಬ್ಯಾಡ, ಕತಿ ಹೇಳು” ಅಂದ. ಆವತ್ತು ಪಾರ್ಕ್‌ನಲ್ಲಿ ನಾನು ಸುಮ್ಮನಿದ್ದದ್ದಕ್ಕೆ ಕ್ಷಮಿಸು ಅಂದೆ. ಅವನು ಮಾತು ಬದಲಿಸಿದ. ಈಗಲೂ ಬರೀತೀಯಾ ಅಂದ್ರೆ, “ಬರಿತೇನಿ. ಯಾರಿಗೂ ಕೇಳ್ಸಂಗಿಲ್ಲ.”

ರಾತ್ರಿ ಹನ್ನೊಂದೂವರೆಗೆ ಒಂದು ವಾಯ್ಸ್ ನೋಟ್ ಬಂತು. ಬೀಟ್ ಇಲ್ಲ, ಹಿಂದೆ ಫ್ಯಾನ್ ಸದ್ದು. ಕಂತು ಕಟ್ಟದ ಮನೆಯ ಬಾಗಿಲು ತಟ್ಟೋ ಮುಂಚೆ ತಾನು ಮಾಡೋ ಪ್ರಾರ್ಥನೆ, ಒಳಗಿಂದ ಹಣಕಿ ನೋಡೋ ಹುಡುಗನ ಮುಖ. ನಲವತ್ತು ಸೆಕೆಂಡ್ ಅಷ್ಟೇ. ಮೂರು ಸಲ ಕೇಳಿದೆ.

ಎಪಿಸೋಡ್‌ನಲ್ಲಿ ಹಾಕ್ಲಾ ಅಂತ ಮೆಸೇಜ್ ಮಾಡಿದೆ. “ಬ್ಯಾಡ” ಅಂದ. ಹಾಕಿಲ್ಲ.