ನಿಮಗಿದು ಗೊತ್ತೆ? ಹೆಬ್ಬಾಳ ಕೆರೆಯಲ್ಲಿಲ್ಲದ್ದು ಗೋಕಾಕದಲ್ಲಿತ್ತು!

ಗಾಳಿ ತುಂಬಿದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನದಿಯ ತಳಕ್ಕಿಳಿದು ಪಳೆಯುಳಿಕೆ ಹುಡುಕುವವರಿದ್ದಾರೆ! ಅಮೆರಿಕದ ದಕ್ಷಿಣ ಕೆರೊಲಿನಾದ ಕೂಪರ್ ನದಿ ಇದಕ್ಕೆ ಹೆಸರುವಾಸಿ. ಒಂದು ಕಾಲಕ್ಕೆ ಕಡಲ ತಳವಾಗಿದ್ದ ಪದರಗಳನ್ನು ನದಿ ಕೊರೆಯುತ್ತದೆ. ಮೆತ್ತನೆಯ ಮಣ್ಣು ಕೊಚ್ಚಿಹೋಗಿ, ಮೆಗಲೊಡಾನ್ ಎಂಬ ದೈತ್ಯ ಶಾರ್ಕ್‌ನ ಅಂಗೈಯಗಲದ ಹಲ್ಲುಗಳು ಜಲ್ಲಿಯ ನಡುವೆ ಉಳಿಯುತ್ತವೆ. ಈ ಮೀನು ಅಳಿದು ಸುಮಾರು 36 ಲಕ್ಷ ವರ್ಷಗಳೇ ಆದವು. ನೀರು ಕಪ್ಪು, ಸೆಳೆತ ಜೋರು. ಕೈಯಲ್ಲಿ ದೀಪವಿದ್ದರೂ ತಡಕಾಡಬೇಕು. ಮುಳುಗಿ ಹೆಕ್ಕಲು ಆ ರಾಜ್ಯದ ಪರವಾನಗಿ ಬೇಕು.

ನಮ್ಮ ಬೆಂಗಳೂರಿನ ಹೆಬ್ಬಾಳ, ಯಲಹಂಕ ಕೆರೆಗಳಲ್ಲಿ ಹೀಗೆ ಮುಳುಗಿದರೆ? ಹೂಳೇ ಗತಿ. ಇವು ಮನುಷ್ಯರೇ ಏರಿ ಕಟ್ಟಿ ಮಾಡಿದ ಕೆರೆಗಳು. ಅಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೀಸ್ ಶಿಲೆ. ನೆಲದಾಳದ ಕಾವು, ಒತ್ತಡದಲ್ಲಿ ರೂಪುಗೊಂಡ ಈ ಬಂಡೆಯಲ್ಲಿ ಎಲುಬು, ಚಿಪ್ಪು ಉಳಿಯುವ ಮಾತೇ ಇಲ್ಲ. ಮೇಲಾಗಿ ಆಗ ಭೂಮಿಯ ಮೇಲಿದ್ದದ್ದು ಸೂಕ್ಷ್ಮಜೀವಿಗಳಷ್ಟೇ. ಮೀನು ಹುಟ್ಟಲು ಇನ್ನೂ 240 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕಿತ್ತು!

ಹಾಗೆಂದು ಕರ್ನಾಟಕದ ನದಿಗಳು ಬರಿಗೈಯಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಘಟಪ್ರಭಾ ಕಣಿವೆಯಲ್ಲಿ, ಗೋಕಾಕದ ಸಮೀಪ ಖಡ್ಗಮೃಗದ ಪಳೆಯುಳಿಕೆ ಸಿಕ್ಕಿತ್ತು. ನೀರಿಗಿಳಿದಲ್ಲ, ಹೊಳೆ ತಂದು ಗುಡ್ಡೆ ಹಾಕಿದ್ದ ಮಣ್ಣಿನಲ್ಲಿ. ಅದಕ್ಕೆ ಅವರು ‘ರೈನೊಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟು 1874ರಲ್ಲಿ ವಿವರಗಳನ್ನು ಪ್ರಕಟಿಸಿದರು. ಇಂದು ಕಾಡಿನಲ್ಲಿ ಖಡ್ಗಮೃಗ ನೋಡಬೇಕೆಂದರೆ ನಾವು ಅಸ್ಸಾಮಿನಂಥ ದೂರದ ರಾಜ್ಯಗಳಿಗೆ ಹೋಗಬೇಕು.